ಮೇಲ್ಮಡಿಕೆಯ ಏಳು ಹರಳುಗಳು

ಈ ಬರಹವನ್ನು ಕೈಗೆತ್ತಿಕೊಳ್ಳುವ ಕೃಪೆ ತೋರಿದ ಮಾನ್ಯ ವಾಚಕ ಮಹಾಶಯರಲ್ಲಿ ವಿನಯಪೂರ್ವಕ ಅರಿಕೆ. ಮುಂದಿನ ಪುಟಗಳಲ್ಲಿ ಎರಡು ಸಾವಿರ ವಜ್ರಗಳು ತಮ್ಮ ಸಮ್ಮುಖಕ್ಕೆ ಬರಲಿವೆ. ವಜ್ರವೆಂದೊಡನೆ ಕಳ್ಳನೊಬ್ಬನನ್ನೂ, ಅವನ ಬೆನ್ನುಹತ್ತಿದ ಚಾಣಾಕ್ಷನನ್ನೂ, ಕಡೆಯ ಪ್ರಕರಣದಲ್ಲಿ ಕಳಚಿ ಬೀಳುವ ಮುಖವಾಡವನ್ನೂ ನಿರೀಕ್ಷಿಸುವುದು ಸಹಜವೇ. ಆದರೆ ಈ ವೃತ್ತಾಂತದಲ್ಲಿ ಕಳ್ಳನು ಸಿಕ್ಕುವುದಿಲ್ಲ. ನಾನು ಹುಡುಕಲಿಲ್ಲವೆಂದಲ್ಲ, ಕೈಲಾದಷ್ಟು ಹುಡುಕಿದೆ. ಹುಡುಕಿದಲ್ಲೆಲ್ಲ ಒಳ್ಳೆಯವರೇ ಸಿಕ್ಕರು. ಇದನ್ನು ಮೊದಲೇ ಹೇಳಿಬಿಡುವುದು ನನ್ನ ಕರ್ತವ್ಯವೆಂದು ಭಾವಿಸಿದ್ದೇನೆ.

ಸೂರತ್ತಿನ ಕತಾರ್‌ಗಾಮಿನ ಗಲ್ಲಿಯೊಂದರಲ್ಲಿ, ಎರಡನೆಯ ಮಹಡಿಯ ಮೇಲೆ, ನಮ್ಮ ಕಾರ್ಖಾನೆ ಇತ್ತು. ಕಾರ್ಖಾನೆಯೆಂದರೆ ಒಂದು ಉದ್ದನೆಯ ಕೋಣೆ, ಅದರೊಳಗೆ ಹನ್ನೊಂದು ಘಂಟಿಗಳು. ಬೀಸುವ ಕಲ್ಲಿನ ಹಾಗೆ ತಿರುಗುವ ಉಕ್ಕಿನ ತಟ್ಟೆಗೆ ಅಲ್ಲಿಯವರು ಘಂಟಿ ಎನ್ನುತ್ತಾರೆ. ಒಂದೊಂದರ ಸುತ್ತ ನಾಲ್ವರು ಕಾಲು ಮಡಚಿ ಕುಳಿತು, ಸಾಸಿವೆ ಗಾತ್ರದ ಹರಳುಗಳನ್ನು ಅದಕ್ಕೆ ಒತ್ತಿ ಹಿಡಿದು, ಉಜ್ಜಿ ಹೊಳೆಯುವ ಮುಖ ಬಿಡಿಸುತ್ತಾರೆ. ಹನ್ನೊಂದು ನಾಲ್ಕಲೆ ನಲವತ್ತನಾಲ್ಕು ಜನ. ನಲವತ್ತಮೂರು ಮಂದಿ ಕಾಠಿಯಾವಾಡದ ಹಳ್ಳಿಗಳವರು; ನಲವತ್ತನಾಲ್ಕನೆಯವನು ನಾನು, ಅವರ ಬಾಯಲ್ಲಿ ಮದ್ರಾಸಿ. ನನ್ನ ಊರು ವಿಜಯಪುರದ ಕಡೆಯದೆಂದೂ, ಮದ್ರಾಸನ್ನು ನಾನು ಕಣ್ಣಾರೆ ಕಂಡೇ ಇಲ್ಲವೆಂದೂ ಮೊದಲ ಎರಡು ವರ್ಷ ಹೇಳಿ ನೋಡಿದೆ. "ಮುಂಬೈ ದಾಟಿದ ಮ್ಯಾಲೆ ಎಲ್ಲಾ ಮದ್ರಾಸೇ" ಎಂದು ಠಾಕರಶಿ ಕಾಕಾ ತೀರ್ಪು ಕೊಟ್ಟರು. ಅಂದಿನಿಂದ ಹನ್ನೆರಡು ವರ್ಷ ನಾನು ಆ ಕೋಣೆಯಲ್ಲಿ ಮದ್ರಾಸಿಯಾಗಿಯೇ ಬಾಳಿದೆ.

ಠಾಕರಶಿ ಕಾಕಾ ಘಂಟಿಯ ಮುಂದೆ ಕೂರುತ್ತಿರಲಿಲ್ಲ. ಅವರ ಜಾಗ ಉತ್ತರದ ಕಿಟಕಿ. ಬಿಸಿಲು ನೇರವಾಗಿ ಬೀಳದ, ದಿನವಿಡೀ ಒಂದೇ ತೆರನಾಗಿರುವ ಬೆಳಕು ಆ ಕಿಟಕಿಯಿಂದ ಬರುತ್ತಿತ್ತು. ಅಲ್ಲಿ ಒಂದು ಕುರ್ಚಿ, ಬಿಳಿಯ ಕಾಗದ ಹಾಸಿದ ಮೇಜು, ಒಂದು ಚಿಮಟ, ಕಣ್ಣಿಗೆ ಕಚ್ಚಿಕೊಳ್ಳುವ ಭೂತಗನ್ನಡಿ. ನಾವು ನಲವತ್ತನಾಲ್ಕು ಜನ ಮುಖ ಬಿಡಿಸಿದ ಹರಳುಗಳೆಲ್ಲ ಅವರ ಮೇಜಿಗೆ ಹೋಗಿ, ಬಣ್ಣಕ್ಕೆ ಬಣ್ಣ, ಗಾತ್ರಕ್ಕೆ ಗಾತ್ರ ಬೇರೆಯಾಗಿ, ಕಾಗದದ ಪೊಟ್ಟಣಗಳಲ್ಲಿ ಮಲಗುತ್ತಿದ್ದವು. ಮೂವತ್ತಾರು ವರ್ಷ ಅವರು ಅದೇ ಕೆಲಸ ಮಾಡಿದ್ದರು. ಪೊಟ್ಟಣ ಕಟ್ಟುವಾಗ ಅವರದೊಂದು ಪದ್ಧತಿಯಿತ್ತು. ಎಲ್ಲ ಹರಳುಗಳಲ್ಲಿ ಅತ್ಯುತ್ತಮವಾದ ಏಳನ್ನು ಆರಿಸಿ, ಮೇಲಿನ ಮಡಿಕೆಯಲ್ಲಿ ಬೇರೆಯಾಗಿ ಇಡುತ್ತಿದ್ದರು. ಕೊಳ್ಳುವವನು ಮಡಿಕೆ ಬಿಚ್ಚಿ ಆ ಏಳನ್ನು ನೋಡುತ್ತಿದ್ದ. ಮಿಕ್ಕವನ್ನು ನೋಡದೆ ಪೊಟ್ಟಣ ಮುಚ್ಚುತ್ತಿದ್ದ. ಮಹೀಧರಪುರದ ವಜ್ರದ ಬಜಾರಿನಲ್ಲಿ "ಠಾಕರಶಿಯ ಏಳು" ಎಂದರೆ ಅಷ್ಟು ನಂಬಿಕೆ.

ಅವರ ಅಕ್ಷರ ದುಂಡಗಿದ್ದುದರಿಂದ ಇನ್ನೊಂದು ಕೆಲಸವೂ ಅವರ ಪಾಲಿಗೆ ಬಂದಿತ್ತು. ಮೆಟ್ಟಿಲ ತುದಿಯಲ್ಲಿ ತೂಗುಹಾಕಿದ ಕರಿಹಲಗೆಯ ಮೇಲೆ, ದೀಪಾವಳಿಗೆ ಮುನ್ನ "ರಜೆ" ಎಂದು ಬರೆದು, ಅದರ ಕೆಳಗೆ ಘಂಟಿಗಳು ಮತ್ತೆ ತಿರುಗುವ ದಿನವನ್ನು ಕಾಣಿಸುವುದು. ಮೂರು ವಾರ ಹೆಚ್ಚಿನವರು ಊರಿಗೆ ಹೋಗಿ, ಆ ದಿನಕ್ಕೆ ಸರಿಯಾಗಿ ಬಂದು ಸೇರುತ್ತಿದ್ದರು. ಊರಿನಲ್ಲಿ ಯಾರೂ ಉಳಿದಿಲ್ಲದ ನಾನು ಕಾರ್ಖಾನೆಯಲ್ಲೇ ಮಲಗಿ ಕಾವಲಿರುತ್ತಿದ್ದೆ.

ಆ ವರ್ಷ ಹಲಗೆಯ ಮೇಲಿನ ದಿನ ಮೂರು ಸಲ ಬದಲಾಯಿತು. ದೇವದೀಪಾವಳಿಯ ಮರುದಿನವೆಂದು ಬರೆದದ್ದನ್ನು ಕಾಕಾ ಅಂಗೈಯಿಂದ ಒರೆಸಿ ಡಿಸೆಂಬರ್ ಒಂದು ಎಂದರು. ಅದನ್ನೂ ಒರೆಸಿ ಇಪ್ಪತ್ತು ಎಂದರು. ಅದನ್ನೂ ಒರೆಸಬೇಕಾಯಿತು. ಊರುಗಳಿಂದ ಫೋನುಗಳು ಬರತೊಡಗಿದವು. ಶೇಂಗಾ ಕಿತ್ತಾಯಿತು, ಹತ್ತಿ ಬಿಡಿಸಿಯಾಯಿತು, ಮಾವನ ಮನೆಯಲ್ಲಿ ಉಂಡದ್ದೂ ಆಯಿತು, ಇನ್ನೆಷ್ಟು ದಿನ ಎಂದು ಕೇಳುವವರಿಗೆ ಕಾಕಾ ಹೇಳುತ್ತಿದ್ದುದು ಒಂದೇ ಉತ್ತರ.

"ಅಮೆರಿಕಾದಾಗ ಹುಡುಗೂರು ಲಗ್ನಾ ಆಗವಲ್ರಂತ. ಆದ ಕೂಡ್ಲೆ ಫೋನ್ ಮಾಡ್ತೀನಿ. ಅಲ್ಲೀತನಕ ಮಾವಗ ಇನ್ನೊಂದು ರೊಟ್ಟಿ ಕೇಳು."

ಅಮೆರಿಕದ ಹುಡುಗರು ಲಗ್ನವಾಗುತ್ತಲೇ ಇದ್ದರೆಂಬುದು ಕಾಕಾನಿಗೂ ಗೊತ್ತಿತ್ತು. ಅವರ ಉಂಗುರಗಳಲ್ಲಿ ಮಾತ್ರ ಈಗ ಗಣಿಯ ಹರಳಿನ ಬದಲು ಭಟ್ಟಿಯ ಹರಳು ಕೂರುತ್ತಿತ್ತು. ಭೂಮಿಯ ಹೊಟ್ಟೆಯಲ್ಲಿ ಕೋಟಿ ವರ್ಷ ಕೂತು ಆಗುವ ವಸ್ತುವನ್ನು ಯಂತ್ರದೊಳಗೆ ಅನಿಲ ಕಾಯಿಸಿ ನಾಲ್ಕು ವಾರದಲ್ಲಿ ಬೆಳೆಸುತ್ತಿದ್ದರು. ದೂರದಲ್ಲೆಲ್ಲೋ ಅಲ್ಲ, ನಮ್ಮ ಸೂರತ್ತಿನಲ್ಲೇ, ನಾವು ಚಹಾ ಕುಡಿಯುವ ಅಂಗಡಿಯಿಂದ ನಾಲ್ಕು ಓಣಿಯಾಚೆ. ಕಾಕಾ ಅದಕ್ಕೆ "ಕುಕ್ಕರ್ ಹೀರಾ" ಎಂದು, ಕುಕ್ಕರಿನಲ್ಲಿ ಬೆಂದ ವಜ್ರವೆಂದು, ಹೆಸರಿಟ್ಟಿದ್ದರು. ಹರಳು ಬೆಳೆಸುವ ಆ ಶೆಡ್ಡಿನ ಹುಡುಗರು ಚಹಾಕ್ಕೆ ಬಂದರೆ, "ಏನ್ರೋ, ಇವತ್ತ ಎಷ್ಟ ಸೀಟಿ ಹೊಡೀತು?" ಎಂದು ಕೇಳದೆ ಬಿಡುತ್ತಿರಲಿಲ್ಲ. ಹುಡುಗರು ನಗುತ್ತಿದ್ದರು. ಅವರಲ್ಲಿ ಇಬ್ಬರು ಕಳೆದ ವರ್ಷ ನಮ್ಮದೇ ಏಳನೆಯ ಘಂಟಿಯಲ್ಲಿ ಕುಳಿತಿದ್ದವರು.

ಡಿಸೆಂಬರಿನ ಕೊನೆಯಲ್ಲಿ ನಮ್ಮ ಶೇಠ್ ಜೆನಿಶ್ ಒಂದು ಸುದ್ದಿ ತಂದರು. ಜೆನಿಶ್ ಇಪ್ಪತ್ತೆಂಟರ ಯುವಕ. ತಂದೆ ತೀರಿಕೊಂಡ ಮೇಲೆ ಕಾರ್ಖಾನೆಯನ್ನು ವಹಿಸಿಕೊಂಡಿದ್ದವರು. ಚಿಕ್ಕಂದಿನಲ್ಲಿ ಕಾಕಾನ ಮೇಜಿನ ಕೆಳಗೆ ಆಡಿ ಬೆಳೆದವರಾದ್ದರಿಂದ ಕಾಕಾನ ಎದುರು ಅವರಿಗೆ ಶೇಠ್‌ತನ ಸರಿಯಾಗಿ ಬರುತ್ತಿರಲಿಲ್ಲ.

"ಕಾಕಾ, ಹಾಂಗ್‌ಕಾಂಗಿನ ಗಿರಾಕಿ ಒಬ್ಬಾಂವ ಸಿಕ್ಕಾನ. ಕೈಗಡಿಯಾರಕ್ಕ ಹರಳು ಕೂಡಿಸ್ತಾರಂತ. ಮೊದಲ ಎರಡು ಸಾವಿರ ಕೊಟ್ಟು ತೋರಿಸ್ರಿ ಅಂತಾನ. ಎಲ್ಲಾ ಒಂದೇ ಗಾತ್ರ, ಒಂದೇ ಬಣ್ಣ. ಪಾಸಾದ್ರ ವರ್ಷಪೂರ್ತಿ ಹನ್ನೊಂದು ಘಂಟಿಗೂ ಕೆಲಸ."

"ಪಾಸಾಗ್ಲಿಕ್ಕೆ ಏನೈತಿ? ನಾವೇನು ಹತ್ತನೇತ್ತಿ ಪರೀಕ್ಷಾ ಬರಿಯಾಕತ್ತೀವೇನು?"

"ಎಲ್ಲಾ ಗಣೀವೇ ಆಗಿರಬೇಕು ಕಾಕಾ. ಒಂದ ಒಂದು ಲ್ಯಾಬಿಂದು ಸಿಕ್ರೂ ಮಾತು ಮುಗೀತು ಅಂದಾನ."

ಕಾಕಾ ನಕ್ಕು, ಹಲಗೆಯ ಮುಂದೆ ಹೋಗಿ ನಿಂತರು. ಉತ್ತರಾಯಣದ ಗಾಳಿಪಟದ ಹಬ್ಬ ಹದಿನಾಲ್ಕಕ್ಕೆ. ಮರುದಿನ ತಂಗಳು ಹಬ್ಬ. ಅದನ್ನೂ ಬಿಟ್ಟು, ಜನವರಿ ಹದಿನಾರು ಎಂದು ಬರೆದರು. ಬರೆದ ಮೇಲೆ ಆ ದಿನಾಂಕದ ಸುತ್ತ ಒಂದು ಗೆರೆಯನ್ನೂ ಎಳೆದರು. ಹಿಂದೆಂದೂ ಹಾಗೆ ಎಳೆದದ್ದಿಲ್ಲ.

ಸೂರತ್ತಿನಲ್ಲೇ ಉಳಿದಿದ್ದ ಎಂಟು ಜನರನ್ನು ಕರೆಸಿ ಎರಡು ಘಂಟಿಗಳನ್ನು ಚಾಲೂ ಮಾಡಿದೆವು. ಹತ್ತು ದಿನ ಬೆನ್ನು ನೆಟ್ಟಗೆ ಮಾಡದೆ ದುಡಿದೆವು. ಆದರೂ ಕಾಕಾನ ಮೇಜಿನ ಮೇಲೆ ಒಪ್ಪವಾದದ್ದು ಸಾವಿರದ ಏಳುನೂರು. ಕೈಯಲ್ಲಿದ್ದ ಒರಟು ಹರಳು ಮುಗಿಯಿತು. ಅದೇ ಬಣ್ಣದ್ದು ಬಜಾರಿನಲ್ಲಿ ಎಲ್ಲೂ ಇರಲಿಲ್ಲ. ಇಂಥ ಸಮಯದಲ್ಲಿ ಸೂರತ್ತಿನಲ್ಲಿ ನಡೆಯುವುದು ಒಂದೇ ಹಾದಿ: ಪರಿಚಯದವರಿಂದ ಒಪ್ಪವಾದ ಹರಳನ್ನೇ ತಂದು ಕೊರತೆ ತುಂಬುವುದು. ಕಾಕಾ ನನ್ನನ್ನು ಕರೆದುಕೊಂಡು ಮಹೀಧರಪುರಕ್ಕೆ ಹೋದರು.

ಅಲ್ಲಿ ದಲ್ಲಾಳಿಗಳು ನಿಲ್ಲಿಸಿದ ಸ್ಕೂಟರಿನ ಸೀಟಿನ ಮೇಲೆ ಕಾಗದ ಹಾಸಿ ವಜ್ರ ತೋರಿಸುತ್ತಾರೆ. ಘುಸಾಭಾಯ್ ಎಂಬ ಮುದುಕ ದಲ್ಲಾಳಿ ತನ್ನ ಸ್ಕೂಟರಿನ ಮೇಲೆ ಕೂತು ಕಿವಿ ಕೆರೆದುಕೊಳ್ಳುತ್ತಿದ್ದರು. ಅವರೂ ಕಾಕಾನೂ ಒಂದೇ ವರ್ಷ, ಒಂದೇ ಬಸ್ಸಿನಲ್ಲಿ ಗಾರಿಯಾಧಾರದಿಂದ ಸೂರತ್ತಿಗೆ ಬಂದವರು.

"ಏನ ಘುಸಾ, ಇನ್ನೂ ಜೀವಂತ ಇದ್ದೀ?"

"ನಿನ್ನ ತಿಥಿಯ ಲಾಡು ತಿನ್ನೂತನಕ ಹೋಗಾಂವಲ್ಲ ನಾ. ಏನ ಬೇಕಾಗಿತ್ತು?"

ಕಾಕಾ ನಮ್ಮ ಹರಳೊಂದನ್ನು ಚಿಮಟದಿಂದ ಎತ್ತಿ ತೋರಿಸಿದರು. ಘುಸಾಭಾಯ್ ಕಣ್ಣು ಕಿರಿದುಮಾಡಿ ನೋಡಿ, ಒಳಕಿಸೆಯಿಂದ ಒಂದು ಪೊಟ್ಟಣ ತೆಗೆದು ಕಾಕಾನ ಅಂಗೈಯಲ್ಲಿಟ್ಟರು.

"ಇದರಾಗ ಆರಿಸ್ಕೊ. ಗಣೀದು."

"ಗಣೀದು ಅಂತ ನೀ ಹೇಳಬೇಕೇನು?"

"ಈಗ ಎಲ್ಲಾರೂ ಕೇಳ್ತಾರೋ ಮಾರಾಯ. ಅದಕ ಬಾಯಿಗೆ ರೂಢಿ ಆಗೇತಿ."

ಅಷ್ಟೇ ಮಾತು. ಬರಹವಿಲ್ಲ, ಸಾಕ್ಷಿಯಿಲ್ಲ. ಇಬ್ಬರೂ ಒಂದೇ ಬಸಿಯಲ್ಲಿ ಚಹಾ ಹಂಚಿಕೊಂಡು ಕುಡಿದರು. ಪೊಟ್ಟಣವನ್ನು ಕಾಕಾ ತಂದು ಜೆನಿಶ್‌ಗೆ ಒಪ್ಪಿಸಿದರು.

ಮರುದಿನ ಮುಂಜಾನೆ ಕಾಕಾ ಬರುವ ಮೊದಲೇ ಜೆನಿಶ್ ನನ್ನನ್ನು ಒಳಗೆ ಕರೆದರು. ಘುಸಾಭಾಯ್ ಕೊಟ್ಟ ಪೊಟ್ಟಣ ಅವರ ಕೈಯಲ್ಲಿತ್ತು.

"ಮದ್ರಾಸಿ, ಬಜಾರಿನಾಗ ಪರೀಕ್ಷಾ ಮಾಡೂ ಮಷಿನ್ ಅಂಗಡಿ ಐತಲ್ಲ, ಅಲ್ಲಿ ಇದನ್ನ ಹಾಕಿಸಿಕೊಂಡು ಬಾ. ಗಣೀದಿದ್ರ ಹಸಿರ ತೋರಸ್ತೈತಿ. ಅರ್ಧ ತಾಸಿನ ಕೆಲಸ. ಕಾಕಾಗ ಹೇಳಬ್ಯಾಡ, ಮನಸಿಗೆ ಹಚ್ಚಿಕೊಂತಾರ."

ನಾನು ಪೊಟ್ಟಣವನ್ನು ಅಂಗಿಯ ಕಿಸೆಯಲ್ಲಿಟ್ಟುಕೊಂಡು ಹೊರಟೆ. ಗಲ್ಲಿ ತಿರುಗುವ ಮೂಲೆಯಲ್ಲಿ ಕಡಲೆಹಿಟ್ಟಿನ ಗಾಂಠಿಯಾ ಕರಿಯುವ ಅಂಗಡಿ. ಅದರ ಬೆಂಚಿನ ಮೇಲೆ ಕಾಕಾ ಕುಳಿತಿದ್ದರು.

"ಏ ಮದ್ರಾಸಿ, ಎಲ್ಲಿಗೆ ಹೊಂಟಿ?"

"ಇಲ್ಲೇ, ಕಾಕಾ."

"ಇಲ್ಲೇ ಅನ್ನೂ ಊರು ನನಗ ಗೊತ್ತಿಲ್ಲ. ಕಿಸೆ ಮ್ಯಾಲೆ ಕೈ ಇಟ್ಕೊಂಡು ಹೊಂಟೀಯಲ್ಲ, ಎದಿನೋವೇನು?"

ಸುಳ್ಳು ಹೇಳುವುದರಲ್ಲಿ ನಾನು ಅಷ್ಟು ಪಳಗಿದವನಲ್ಲ. ಹೇಳಿಬಿಟ್ಟೆ. ಅವರು ಬೆಂಚಿನ ಮೇಲೆ ಸರಿದು ಜಾಗ ಮಾಡಿಕೊಟ್ಟರು. ತಮ್ಮ ಕಾಗದದಲ್ಲಿದ್ದ ಗಾಂಠಿಯಾವನ್ನೂ, ಕರಿದ ಹಸಿಮೆಣಸಿನಕಾಯಿಯನ್ನೂ ನನ್ನ ಕಡೆ ನೂಕಿದರು.

"ನೀ ಮಗಳ ಮನಿಗೆ ಊಟಕ್ಕ ಹೋಗೀದಿ ಅಂತ ತಿಳ್ಕೊ. ಬಡಿಸಿದ ಅನ್ನಾನ ಮೊದಲ ನಾಯಿಗೆ ಹಾಕಿ, ಅದು ಸಾಯಲಿಲ್ಲಂದ್ರ ಆಮ್ಯಾಲೆ ಉಣ್ತೀಯೇನು?"

"ನನಗ ಮಗಳಿಲ್ಲ, ಕಾಕಾ."

"ಅದಕ್ಕ ಹಿಂಗ ಮಾಡಾಕ ಹೊಂಟಿ." ಅವರು ಮೆಣಸಿನಕಾಯಿಯ ತೊಟ್ಟನ್ನು ಬೀದಿಗೆ ಎಸೆದರು. "ಆ ಅಂಗಡಿ ಬಾಗಿಲದಾಗ ಘುಸಾನ ತಮ್ಮ ಕೂಡ್ತಾನ. ಹತ್ತು ನಿಮಿಷದಾಗ ಇಡೀ ಬಜಾರಕ್ಕ ಗೊತ್ತಾಗತೈತಿ, ಠಾಕರಶಿ ಘುಸಾನ ಮಾಲು ಮಷಿನ್ನಿಗೆ ಹಾಕಿಸಿದ ಅಂತ. ನಾಳೆ ಅಂವಾ ನನ್ನ ಮಾರಿ ಹ್ಯಾಂಗ ನೋಡಬೇಕು? ನಾ ಅವನ ಮಾರಿ ಹ್ಯಾಂಗ ನೋಡಬೇಕು? ತಾ ಇಲ್ಲಿ."

ಕೈ ಚಾಚಿದರು. ಆ ಕೈಯನ್ನು ನಾನು ಬಹಳ ವರ್ಷ ನೋಡಿದ್ದೆ. ಬೆರಳುಗಳ ತುದಿ ಚಪ್ಪಟೆಯಾಗಿ ಹೊಳೆಯುತ್ತಿದ್ದವು. ಪೊಟ್ಟಣವನ್ನು ಅದರಲ್ಲಿಟ್ಟೆ. ಗಾಂಠಿಯಾ ತಿಂದು ಮುಗಿಸಿ, ಅರ್ಧ ತಾಸು ಅಲ್ಲಿಯೇ ಕಳೆದು, ಅವರು ಹಿಂದಕ್ಕೆ ಕೊಟ್ಟ ಪೊಟ್ಟಣದೊಂದಿಗೆ ಕಾರ್ಖಾನೆಗೆ ಮರಳಿದೆ.

"ಎಲ್ಲಾ ಹಸಿರ ಬಂತೇನು?" ಎಂದು ಜೆನಿಶ್ ಕೇಳಿದರು.

ನಾನು ಹೌದೆಂಬಂತೆ ತಲೆಯಾಡಿಸಿದೆ. ಒಂದು ಮಾತನ್ನೂ ಆಡಲಿಲ್ಲ, ಕತ್ತನ್ನಷ್ಟೇ ಆಡಿಸಿದೆ.

ಅನಂತರದ ಮೂರು ದಿನಗಳು ಆ ಕೋಣೆಯಲ್ಲಿ ನಾನು ಕಂಡ ಅತ್ಯಂತ ಸಂತೋಷದ ದಿನಗಳು. ಘುಸಾಭಾಯ್ ಕೊಟ್ಟದ್ದರಿಂದ ಕಾಕಾ ಮುನ್ನೂರನ್ನು ಆರಿಸಿ ನಮ್ಮ ಸಾವಿರದ ಏಳುನೂರರ ಜೊತೆ ಬೆರೆಸಿದರು. ಯಾವುದು ಯಾರದೆಂದು ಆಮೇಲೆ ಅವರಿಗೂ ತಿಳಿಯುವಂತಿರಲಿಲ್ಲ. ಎರಡು ಸಾವಿರವನ್ನೂ ಬಿಳಿ ಕಾಗದದ ಮೇಲೆ ಹರವಿ, ಭೂತಗನ್ನಡಿ ಕಚ್ಚಿಕೊಂಡು, ಏಳಕ್ಕಾಗಿ ಹುಡುಕತೊಡಗಿದರು. ಒಂದನ್ನು ಎತ್ತುವರು, ತಿರುಗಿಸುವರು, ಮತ್ತೆ ಬಿಡುವರು. ಎರಡನೆಯ ದಿನದ ಸಂಜೆಯ ಹೊತ್ತಿಗೆ ಏಳೂ ಸಿಕ್ಕವು.

"ಬಾ ಇಲ್ಲಿ, ಮದ್ರಾಸಿ. ನೋಡು."

ನೋಡಿದೆ. ನೀರೇ ಮೈತಳೆದಂತಿದ್ದವು. ಒಳಗೆ ಒಂದು ಚುಕ್ಕೆಯಿಲ್ಲ, ಗೆರೆಯಿಲ್ಲ, ಮಂಜಿಲ್ಲ.

"ಮೂವತ್ತಾರು ವರ್ಷದಾಗ ಇಂಥಾ ಏಳು ಒಂದ ಪೊಟ್ಟಣದಾಗ ನನಗ ಸಿಕ್ಕಿಲ್ಲ. ಒಂದು ಸಿಕ್ಕೀತು, ಎರಡು ಸಿಕ್ಕಾವು. ಏಳು!" ಎಂದರು. ಅವರ ಹೆಂಡತಿ ಸಮಜುಬೆನ್ ಊಟದ ಡಬ್ಬಿ ತಂದಿದ್ದರು. ಅವರನ್ನೂ ಕರೆದು ತೋರಿಸಿದರು.

"ನನಗೇನ ತಿಳೀತೈತಿ? ಎಲ್ಲಾ ಉಪ್ಪಿನ ಹರಳು ಕಂಡಂಗ ಕಾಣ್ತಾವ. ರೊಟ್ಟಿ ಆರಾಕತ್ತೈತಿ, ಉಣ್ರಿ" ಎಂದು ಸಮಜುಬೆನ್ ಗದರಿಸಿದರು.

ಅಂದೇ ಕಾಕಾ ಊರುಗಳಿಗೆ ಫೋನು ಮಾಡತೊಡಗಿದರು. ಹದಿನಾರಕ್ಕೆ ಬನ್ನಿ, ಈ ಸಲ ದಿನ ಬದಲಾಗುವುದಿಲ್ಲ ಎಂದರು. ಮಕ್ಕಳನ್ನು ಶಾಲೆಗೆ ಮರಳಿ ಸೇರಿಸಲು ಹೇಳಿದರು. ಬಾಡಿಗೆ ಕೋಣೆಗಳನ್ನು ಬಿಡಬೇಡಿರೆಂದರು. ಒಬ್ಬ ಊರಿನಲ್ಲಿ ಎಮ್ಮೆ ಕೊಳ್ಳುವವನಿದ್ದ. "ಎಮ್ಮಿ ಕಟ್ಟಿದ್ರ ನಿನ್ನ ಕಾಲಿಗೇ ಹಗ್ಗ, ಬ್ಯಾಡ" ಎಂದು ಅವನನ್ನೂ ತಡೆದರು.

ಜನವರಿ ಹನ್ನೊಂದರಂದು ಗಿರಾಕಿಯ ಪರವಾಗಿ ಮುಂಬಯಿಯಿಂದ ರಿದ್ಧಿ ಎಂಬ ಹೆಣ್ಣುಮಗಳು ಬಂದಳು. ಇಪ್ಪತ್ತೈದು ದಾಟಿರಲಿಕ್ಕಿಲ್ಲ. ಸಣ್ಣ ಸೂಟ್‌ಕೇಸಿನಂಥ ಯಂತ್ರವನ್ನು ಕಾಕಾನ ಮೇಜಿನ ಮೇಲೆಯೇ ಇಟ್ಟಳು. ಕಾಕಾ ತಮ್ಮ ಚಿಮಟವನ್ನೂ ಭೂತಗನ್ನಡಿಯನ್ನೂ ಪಕ್ಕಕ್ಕೆ ಸರಿಸಿ ಜಾಗ ಮಾಡಿದರು.

"ಕಾಕಾ, ಪೊಟ್ಟಣ ನೀವೇ ಬಿಚ್ಚಿ" ಎಂದಳು. ಮಾತಿನಲ್ಲಿ ಗೌರವವಿತ್ತು.

ಕಾಕಾ ಮೇಲ್ಮಡಿಕೆ ಬಿಚ್ಚಿದರು. ಆ ಏಳನ್ನು ಕಂಡು ಅವಳೂ ಬಾಗಿ ನೋಡಿದಳು. "ತುಂಬಾ ಚೆನ್ನಾಗಿ ಆರಿಸಿದೀರ. ಇಂಥ ಕಣ್ಣು ಈಗ ಯಾರಿಗೂ ಇಲ್ಲ" ಎಂದಳು. ಕಾಕಾ ನನ್ನ ಕಡೆ ನೋಡಿದರು. ಆ ನೋಟದಲ್ಲಿ ಹದಿನಾರನೆಯ ತಾರೀಖು ಇತ್ತು.

ಏಳನ್ನೂ ತಟ್ಟೆಯಲ್ಲಿಟ್ಟು ಅವಳು ಮುಚ್ಚಳ ಹಾಕಿದಳು. ಒಳಗೆ ನೇರಳೆ ಬೆಳಕು ಮಿಂಚಿತು. ಪಕ್ಕದ ತೆರೆಯ ಮೇಲೆ ಒಂದೊಂದು ಹರಳಿನ ಸುತ್ತಲೂ ಉಂಗುರಗಳು ಮೂಡಿದವು. ಗಣಿಯದಾದರೆ ಹಸಿರು, ಅಲ್ಲವಾದರೆ ಕೆಂಪು ಎಂದು ಅವಳು ಮೊದಲೇ ಹೇಳಿದ್ದಳು.

ಏಳೂ ಕೆಂಪು.

"ಮಷಿನ್ ಕೆಟ್ಟೈತಿ" ಎಂದರು ಕಾಕಾ.

ಅವಳು ತನ್ನ ಕೊರಳ ಸರದಲ್ಲಿದ್ದ ಒಂದು ಹರಳನ್ನು ಯಂತ್ರಕ್ಕೆ ತೋರಿಸಿದಳು. ಹಸಿರು. ಆ ಬಳಿಕ ಮಿಕ್ಕ ಹರಳುಗಳನ್ನು ತಟ್ಟೆ ತಟ್ಟೆಯಾಗಿ ಹಾಕುತ್ತ ಹೋದಳು. ಹಸಿರು, ಹಸಿರು, ಹಸಿರಿನ ನಡುವೆ ಅಲ್ಲೊಂದು ಇಲ್ಲೊಂದು ಕೆಂಪು. ಒಂದು ತಾಸಿನ ಮೇಲೆ ಲೆಕ್ಕ ಮುಗಿಯಿತು. ಎರಡು ಸಾವಿರದಲ್ಲಿ ನಲವತ್ತೊಂದು ಭಟ್ಟಿಯ ಹರಳುಗಳು. ಆ ನಲವತ್ತೊಂದರಲ್ಲಿ ಅತ್ಯುತ್ತಮವಾದ ಏಳನ್ನು ಕಾಕಾನ ಕಣ್ಣು ತಪ್ಪದೆ ಹುಡುಕಿ ಮೇಲೆ ತಂದಿತ್ತು.

"ತಂಗೀ," ಎಂದು ಜೆನಿಶ್ ಶುರುಮಾಡಿದರು. "ಈ ನಲವತ್ತೊಂದನ್ನ ತಗದು ಬ್ಯಾರೆ ಹಾಕ್ತೀವಿ. ಎರಡ ದಿನ ಕೊಡು. ನೀ ಇನ್ನೂ ಅವರಿಗೆ ಹೇಳಬ್ಯಾಡ."

ರಿದ್ಧಿಯ ಮುಖ ಸಣ್ಣದಾಯಿತು. "ನಾನು ಹೇಳೋದೇನೂ ಇಲ್ಲ, ಭಾಯ್. ಇದು ತಾನೇ ಕಳಿಸಿಬಿಡುತ್ತೆ. ಮೊದಲ ಕೆಂಪು ಬಂದಾಗಲೇ ಹಾಂಗ್‌ಕಾಂಗಿಗೆ ಹೋಗಿರುತ್ತೆ. ತಡೆಯೋ ಗುಂಡಿ ಇದರಲ್ಲಿಲ್ಲ."

ಅವಳ ಮಾತು ಮುಗಿಯುವ ಮೊದಲೇ ಜೆನಿಶ್ ಅವರ ಫೋನು ಒಮ್ಮೆ ಟಿಂಗೆಂದಿತು. ಮಾತು ಮುಗಿಯಿತೆಂಬ ಸಂದೇಶವನ್ನು ಅವರು ಓದಿ, ಫೋನನ್ನು ಬೋರಲಾಗಿ ಇಟ್ಟರು. ಹಾಂಗ್‌ಕಾಂಗಿನಲ್ಲಿ ಅದನ್ನು ಮನುಷ್ಯನೇ ಬರೆದಿದ್ದನೋ, ಅಲ್ಲಿಯ ಯಂತ್ರವೇ ಉತ್ತರಿಸಿತ್ತೋ, ನನಗೆ ತಿಳಿಯದು.

ಕಾಕಾ ಆ ಏಳನ್ನು ಕೇಳಿ ಪಡೆದು, ಕಿಟಕಿಯ ಬಳಿ ಹೋಗಿ, ಭೂತಗನ್ನಡಿ ಕಚ್ಚಿಕೊಂಡು ಒಂದೊಂದಾಗಿ ನೋಡಿದರು. ಬಹಳ ಹೊತ್ತು ನೋಡಿದರು. ತಪ್ಪು ಸಿಕ್ಕಿದ್ದರೆ ಅವರಿಗೆ ಸಮಾಧಾನವಾಗುತ್ತಿತ್ತೆಂದು ನನಗೆ ತೋರಿತು.

"ಇವ ಚಲೋ ಅದಾವ" ಎಂದರು ಕಡೆಗೆ, ಯಾರಿಗೂ ಅಲ್ಲದೆ. "ಈಗ ನೋಡಿದ್ರೂ ಇವ ಚಲೋ ಅದಾವ."

ರಿದ್ಧಿ ಹೋದ ಮೇಲೆ ಜೆನಿಶ್ ನನ್ನ ಕಡೆ ತಿರುಗಿದರು. "ಮದ್ರಾಸಿ, ನೀ ಆ ಅಂಗಡಿಗೆ ಹೋಗಿದ್ದಿ, ಹೌದಿಲ್ಲೊ?"

ನಾನು ಬಾಯಿ ತೆರೆಯುವ ಮೊದಲೇ ಕಾಕಾ ಹೇಳಿದರು: "ಅವಂದೇನೂ ಇಲ್ಲ. ನಾನ ತಡದೆ. ಬೈಯೂದಿದ್ರ ನನಗ ಬೈ."

ಜೆನಿಶ್ ಬೈಯಲಿಲ್ಲ. ಬೈಯಲೆಂದು ನಾವಿಬ್ಬರೂ ಕಾದು ನಿಂತಿದ್ದೆವು. ಅವರು ಕುರ್ಚಿಯ ಮೇಲೆ ಕುಸಿದು, "ಪರೀಕ್ಷಾ ಮಾಡಿಸಿದ್ರ ಈ ಸಲ ಪಾಸಾಗತಿತ್ತು, ಕಾಕಾ. ಮುಂದಿನ ಸಲ?" ಎಂದು ಕೇಳಿದರು. ಅದು ಪ್ರಶ್ನೆಯೇ ಆಗಿತ್ತು. ಅವರಿಗೆ ಉತ್ತರ ಬೇಕಾಗಿತ್ತು.

ಮರುದಿನ ನಾನೊಬ್ಬನೇ ಬಜಾರಿಗೆ ಹೋಗಿ ವಿಚಾರಿಸಿದೆ. ಘುಸಾಭಾಯ್‌ಗೆ ಆ ಪೊಟ್ಟಣವನ್ನು ಕೊಟ್ಟವರು ಭಾವನಗರದ ಒಬ್ಬ ವಿಧವೆ. ಗಂಡ ಬಿಟ್ಟುಹೋದ ಸರಕು. ಆ ಗಂಡನಿಗೆ ಕೊಟ್ಟವನು ಮುಂಬಯಿಯ ಒಬ್ಬ ವ್ಯಾಪಾರಿ. ಅವನಿಗೆ ದುಬೈಯಿಂದ ಬಂದಿತ್ತಂತೆ. ದುಬೈಗೆ ಹೋಗಿದ್ದದ್ದು ಸೂರತ್ತಿನಿಂದಲೇ ಅಂತೆ. ಎಲ್ಲರೂ ಬಾಯಿಮಾತಿನ ಮೇಲೆ ಕೊಟ್ಟವರು, ಬಾಯಿಮಾತಿನ ಮೇಲೆ ಕೊಂಡವರು. ನನ್ನ ಪತ್ತೇದಾರಿಕೆ ಅಲ್ಲಿಗೆ ನಿಂತಿತು.

ಉತ್ತರಾಯಣದ ದಿನ ಕಾಕಾ ತಮ್ಮ ಮನೆಯ ಮಾಳಿಗೆಗೆ ನನ್ನನ್ನು ಊಟಕ್ಕೆ ಕರೆದರು. ಆಕಾಶ ತುಂಬ ಗಾಳಿಪಟ, ಎಲ್ಲ ಮಾಳಿಗೆಗಳಿಂದಲೂ ಎದುರಾಳಿಯ ದಾರ ಕೊಯ್ದವರ "ಕಾಪ್ಯೋ!" ಎಂಬ ಕೂಗು. ನಾವು ಊಂಧಿಯೂ ಎಂಬ ತರಕಾರಿ ಪಲ್ಯಕ್ಕೆ ಕೈ ಹಾಕುವಷ್ಟರಲ್ಲಿ ಘುಸಾಭಾಯ್ ಮೆಟ್ಟಿಲೇರಿ ಬಂದರು. ಅವರಿಗೆ ಎಲ್ಲ ಗೊತ್ತಾಗಿತ್ತು. ಗೊತ್ತಾದುದು ಕಾಕಾನಿಗೂ ಗೊತ್ತಿತ್ತು.

"ಬಾ ಘುಸಾ. ಉಣ್ಣಾಕ ಕೂಡು."

"ಮನ್ಯಾಗ ಉಂಡ ಬಂದೀನಿ."

"ಉತ್ತರಾಯಣದಾಗ ಎರಡ ಸಲ ಉಂಡ್ರ ಪಾಪ ಇಲ್ಲ."

ಕುಳಿತರು. ಸಮಜುಬೆನ್ ಬಡಿಸಿದರು.

"ಗಾಳಿ ಚಲೋ ಐತಿ ಈ ವರ್ಷ," ಎಂದರು ಘುಸಾಭಾಯ್.

"ಹೋದ ವರ್ಷ ಇಷ್ಟ ಇರಲಿಲ್ಲ."

"ಊರಾಗ ಶೇಂಗಾ ಹ್ಯಾಂಗಂತ?"

"ಪರವಾಗಿಲ್ಲಂತ."

"ಈ ಸುವರ್ಣಗಡ್ಡಿ ಚಲೋ ಬೆಂದೈತಿ, ಭಾಭಿ."

ಹೀಗೆಯೇ ಒಂದು ತಾಸು. ಹರಳಿನ ಮಾತನ್ನು ಅವರು ಎತ್ತಲಿಲ್ಲ, ಇವರೂ ಎತ್ತಲಿಲ್ಲ. ಎದ್ದು ಹೋಗುವಾಗ ಘುಸಾಭಾಯ್ ಮೆಟ್ಟಿಲ ಬಳಿ ನಿಂತು ಚಪ್ಪಲಿಯನ್ನು ಎಡಗಾಲಿನದು ಬಲಕ್ಕೆ, ಬಲಗಾಲಿನದು ಎಡಕ್ಕೆ ಹಾಕಿಕೊಂಡರು. ಕಾಕಾ ನೋಡಿದರು, ಅದನ್ನೂ ಹೇಳಲಿಲ್ಲ.

ಊರುಗಳಿಗೆ ಮತ್ತೆ ಫೋನು ಮಾಡುವ ಕೆಲಸವನ್ನು ಜೆನಿಶ್ ನನಗೆ ಒಪ್ಪಿಸಿದ್ದರು. ಇಪ್ಪತ್ತೈದು ಜನಕ್ಕೆ ಸುದ್ದಿ ಮುಟ್ಟಿತು. ಮಿಕ್ಕವರು ಹಬ್ಬದ ಗದ್ದಲದಲ್ಲಿ ಫೋನೆತ್ತಲಿಲ್ಲ. ಅವರಲ್ಲಿ ಒಂಬತ್ತು ಮಂದಿ ಹದಿನಾರರ ಮುಂಜಾನೆ ಬಸ್ಸಿಳಿದು, ಚೀಲಗಳ ಸಮೇತ ನೇರ ಕಾರ್ಖಾನೆಗೇ ಬಂದರು. ಆ ಹೊತ್ತಿಗೆ ಭಟ್ಟಿಯವರ ಕಡೆಯ ಇಬ್ಬರು ಒಳಗೆ ಟೇಪು ಹಿಡಿದು ನೆಲ ಅಳೆಯುತ್ತಿ‌ದ್ದರು. ಜೆನಿಶ್ ಕೋಣೆಯನ್ನು ಅವರಿಗೆ ಬಾಡಿಗೆಗೆ ಕೊಡಲು ಒಪ್ಪಿದ್ದರು. ಹನ್ನೊಂದು ಘಂಟಿಗಳ ಜಾಗದಲ್ಲಿ ಇಪ್ಪತ್ತು ಯಂತ್ರಗಳು ಕೂರುತ್ತವಂತೆ. ಇಪ್ಪತ್ತಕ್ಕೂ ಇಬ್ಬರು ಕಾವಲುಗಾರರು ಸಾಕಂತೆ.

ಕಾಕಾ ಹಲಗೆಯ ಮುಂದೆ ನಿಂತು ದಿನಾಂಕವನ್ನೂ, ಅದರ ಸುತ್ತ ಎಳೆದ ಗೆರೆಯನ್ನೂ ಅಂಗೈಯಿಂದ ಒರೆಸುತ್ತಿದ್ದರು. ಒಂಬತ್ತು ಜನ ಕೆಳಗಿನ ಮೆಟ್ಟಿಲುಗಳ ಮೇಲೆ ನಿಂತು ನೋಡುತ್ತಿದ್ದರು.

"ಬರೀರಿ ಕಾಕಾ," ಎಂದ ಎಮ್ಮೆ ಕೊಳ್ಳದೆ ಬಂದವನು. "ಈ ಸಲ ತಾರೀಖಿನ ಸಂಗಟ ವರ್ಷಾನೂ ಬರೀರಿ."

ಯಾರೋ ನಕ್ಕರು. ಕಾಕಾ ಸೀಮೆಸುಣ್ಣವನ್ನು ಹಲಗೆಗೆ ತಾಗಿಸಿ ಹಿಡಿದರು. ಅದು ಅಲ್ಲಿಯೇ ನಿಂತಿತು. "ರಜೆ" ಎಂಬ ಪದದ ಕೆಳಗೆ ಒಂದು ಬಿಳಿಯ ಚುಕ್ಕೆ ಮಾತ್ರ ಮೂಡಿತು.

"ಕಾಕಾ, ನಿಮ್ಮ ಕುರ್ಚಿ ಮನಿಗೆ ಒಯ್ರಿ," ಎಂದು ಜೆನಿಶ್ ಒಳಗಿನಿಂದ ಹೇಳಿದರು.

"ಕುರ್ಚಿ ಒಯ್ಯಬಹುದು, ಮಗಾ. ನನ್ನ ಮನ್ಯಾಗ ಉತ್ತರಕ್ಕ ಕಿಟಕಿ ಇಲ್ಲ."

ಆ ಇಬ್ಬರು ಕಾವಲುಗಾರರಲ್ಲಿ ಒಬ್ಬನಾಗಿ ಇರುವಂತೆ ಜೆನಿಶ್ ನನ್ನನ್ನು ಕೇಳಿದರು. ಹೇಗೂ ಇಲ್ಲಿಯೇ ಮಲಗುವವನು, ಯಂತ್ರದ ಕೆಂಪು ದೀಪ ಹತ್ತಿದರೆ ಫೋನು ಮಾಡಿದರಾಯಿತು ಎಂದರು. ಒಳ್ಳೆಯ ಮನಸ್ಸಿನಿಂದಲೇ ಕೇಳಿದರು. ನಾನು ನಾಳೆ ಹೇಳುತ್ತೇನೆಂದೆ. ತಲೆಯಾಡಿಸಿ ಉತ್ತರ ಕೊಡುವ ಧೈರ್ಯ ಆ ಕೋಣೆಯಲ್ಲಿ ನನಗೆ ಉಳಿದಿರಲಿಲ್ಲ.

ನಾಳೆಯವರೆಗೆ ಕಾಯಲಾಗದೆ, ಮಧ್ಯಾಹ್ನವೇ ಗಂಟು ಕಟ್ಟಿದೆ. ಎರಡು ಅಂಗಿ, ಒಂದು ಹೊದಿಕೆ, ತಾಟು, ಲೋಟ, ರಟ್ಟು ಹರಿದ ಆರು ಕಾದಂಬರಿಗಳು. ಹದಿನಾಲ್ಕು ವರ್ಷ ಕುಳಿತ ಮೂರನೆಯ ಘಂಟಿಯನ್ನು ಒಮ್ಮೆ ಕೈಯಿಂದ ತಿರುಗಿಸಿದೆ. ಎಣ್ಣೆ ಆರಿದ್ದರಿಂದ ಅರ್ಧ ಸುತ್ತು ಬಂದು ನಿಂತಿತು.

ಕಾಕಾ ಕೆಳಗಿನ ಮೆಟ್ಟಿಲ ಬಳಿ ಕುರ್ಚಿ ಹಾಕಿಕೊಂಡು, ಅದನ್ನು ಒಯ್ಯಲು ಬರಬೇಕಾದ ಸೈಕಲ್ ಗಾಡಿಗಾಗಿ ಕಾಯುತ್ತಿದ್ದರು. ಅಂಗೈ ಇನ್ನೂ ಬೆಳ್ಳಗಿತ್ತು.

"ಎಲ್ಲಿಗೆ ಹೊಂಟಿ? ಇಲ್ಲೇ ಅನ್ನಬ್ಯಾಡ."

"ಗೊತ್ತಿಲ್ಲ, ಕಾಕಾ. ಮೊದಲ ಬಂದ ಗಾಡಿ ಹತ್ತತೀನಿ."

"ಹೋದಲ್ಲಿ ಕಣ್ಣಿನ ಕೆಲಸ ಏನರೆ ಇದ್ರ ನನಗೊಂದು ಫೋನ್ ಮಾಡು." ಸ್ವಲ್ಪ ತಡೆದು ಹೇಳಿದರು: "ಇರಾಂಗಿಲ್ಲ. ಆದ್ರೂ ಮಾಡು."

ಮಾಡುತ್ತೇನೆಂದು ಹೇಳಿ, ಗಂಟನ್ನು ಹೆಗಲಿಗೇರಿಸಿಕೊಂಡು, ಸ್ಟೇಷನ್ನಿನ ಕಡೆಗೆ ನಡೆಯತೊಡಗಿದೆ.